ಸೀಟು ಉಳಿದರೆ ನಿಮ್ಮದು: ಸ್ಟ್ಯಾಂಡ್‌ಬೈ ವಿಮಾನದಲ್ಲಿ, ಸರಕು ಹಡಗಿನಲ್ಲಿ ಅಗ್ಗವಾಗಿ ಪರದೇಶಕ್ಕೆ ಹೋಗುವುದು ಹೇಗೆ?

ರಾತ್ರಿ ಒಂದೂವರೆ ಗಂಟೆ. ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್. ಚೆಕ್-ಇನ್ ಕೌಂಟರಿನ ಮುಂದಿದ್ದ ಉದ್ದನೆಯ ಸಾಲು ಕರಗಿ ಹೋಗಿತ್ತು. ಅಮ್ಮ ಚಕ್ಕುಲಿ ಡಬ್ಬ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅಪ್ಪ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದರು. ನಮ್ಮದು ಸ್ಟ್ಯಾಂಡ್‌ಬೈ ಟಿಕೆಟ್, ಅಂದರೆ ಸೀಟು ಮಾರಾಟವಾಗದೆ ಉಳಿದರೆ ಮಾತ್ರ ಹತ್ತಿಸಿಕೊಳ್ಳುವಂಥದ್ದು. ಕೊನೆಗೆ ಕೌಂಟರಿನ ಹುಡುಗಿ ಕೈಸನ್ನೆ ಮಾಡಿ ನನ್ನನ್ನು ಕರೆದಳು.

"ಸರ್, ಎರಡು ಸೀಟ್ ಇದೆ. ನೀವು ಮೂರು ಜನ ಇದ್ದೀರ. ಏನ್ ಮಾಡ್ತೀರ? ಬೇಗ ಹೇಳಿ, ಕೌಂಟರ್ ಕ್ಲೋಸ್ ಆಗ್ತಿದೆ."

ಅಮ್ಮನಿಗೆ ತಕ್ಷಣ ಎಚ್ಚರವಾಯಿತು. "ನೀವಿಬ್ರು ಹೋಗ್ಬನ್ನಿ. ನಾನು ಮನೆಗೆ ಹೋಗ್ತೀನಿ. ಹೇಗೂ ಬೆಳಿಗ್ಗೆ ಹಾಲಿನವನು ಬರ್ತಾನೆ."

ಯಾರೂ ಹೋಗಲಿಲ್ಲ. ಮೂವರೂ ಟ್ಯಾಕ್ಸಿ ಹಿಡಿದು ಮನೆಗೆ ವಾಪಸು ಬಂದೆವು. ಮರುದಿನ ರಾತ್ರಿ ಅದೇ ವಿಮಾನದಲ್ಲಿ ಮೂವರಿಗೂ ಸೀಟು ಸಿಕ್ಕಿತು, ಅದೂ ಒಂದೇ ಸಾಲಿನಲ್ಲಿ. ಟಿಕೆಟ್ಟಿಗೆ ಕೊಟ್ಟದ್ದು ಪಕ್ಕದ ಸೀಟಿನವರು ಕೊಟ್ಟದ್ದರ ಐದನೇ ಒಂದು ಭಾಗವೂ ಇರಲಿಲ್ಲ. ಆದರೆ ಒಂದು ರಾತ್ರಿ ಹೋಯಿತು, ಎರಡು ಸಲ ಟ್ಯಾಕ್ಸಿ ಬಾಡಿಗೆ ಹೋಯಿತು, ಅಪ್ಪನ ಬಿಪಿ ಏರಿತು. ಈ ಲೇಖನವನ್ನು ಓದುವಾಗ ಆ ಮೂರು ಖರ್ಚನ್ನೂ ತಲೆಯಲ್ಲಿಟ್ಟುಕೊಂಡಿರಿ.

ಮೊದಲು ಒಂದು ಭ್ರಮೆ ಬಿಡಿ

"ಬ್ಯಾಗು ಹಾಕಿಕೊಂಡು ಏರ್‌ಪೋರ್ಟಿಗೆ ಹೋಗಿ ನಿಂತರೆ, ಕೊನೇ ಗಳಿಗೆಯಲ್ಲಿ ಖಾಲಿ ಉಳಿದ ಸೀಟನ್ನು ಕಡಿಮೆ ದುಡ್ಡಿಗೆ ಕೊಟ್ಟುಬಿಡ್ತಾರೆ." ಈ ಮಾತನ್ನು ನಾನು ಕಾಲೇಜಿನಲ್ಲಿದ್ದಾಗಿನಿಂದ ಕೇಳುತ್ತಿದ್ದೇನೆ. ಒಂದು ಕಾಲದಲ್ಲಿ ಇದು ನಿಜವೂ ಆಗಿತ್ತು. 1977ರ ಸೆಪ್ಟೆಂಬರಿನಲ್ಲಿ ಫ್ರೆಡ್ಡಿ ಲೇಕರ್ ಎಂಬಾತ ಲಂಡನ್ನಿನ ಗ್ಯಾಟ್ವಿಕ್‌ನಿಂದ ನ್ಯೂಯಾರ್ಕಿಗೆ 'ಸ್ಕೈಟ್ರೇನ್' ಎಂಬ ವಿಮಾನ ಶುರು ಮಾಡಿದ. ಮುಂಗಡ ಬುಕಿಂಗ್ ಇಲ್ಲ, ಹೋಗುವ ದಿನವೇ ಸಾಲಿನಲ್ಲಿ ನಿಂತು ಟಿಕೆಟ್ ಕೊಳ್ಳಬೇಕು. ಒಂದು ದಿಕ್ಕಿಗೆ 59 ಪೌಂಡ್. ಜನ ಬೀದಿಯಲ್ಲಿ ಮಲಗಿ ಕಾದರು. ಉಳಿದ ಕಂಪನಿಗಳೂ ಪೈಪೋಟಿಗೆ ಬಿದ್ದು ಸ್ಟ್ಯಾಂಡ್‌ಬೈ ದರ ತಂದವು. 1982ರ ಫೆಬ್ರವರಿಯಲ್ಲಿ ಲೇಕರ್ ಕಂಪನಿ ದಿವಾಳಿಯಾಯಿತು.

ಈಗ ಲೆಕ್ಕ ತಿರುಗಿದೆ. ಪ್ರತಿ ಸೀಟಿನ ಬೆಲೆಯನ್ನೂ ಕಂಪ್ಯೂಟರು ಗಳಿಗೆಗೊಮ್ಮೆ ಬದಲಿಸುತ್ತದೆ. ನಾಳೆಯೇ ಹೊರಡುವವನಿಗೆ ಬೇರೆ ದಾರಿಯಿಲ್ಲ ಎಂದು ಅದಕ್ಕೆ ಗೊತ್ತು, ಆದ್ದರಿಂದ ಕೊನೇ ಗಳಿಗೆಯ ಟಿಕೆಟ್ಟೇ ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ. ಸಾಲದ್ದಕ್ಕೆ ನಮ್ಮ ದೇಶದಲ್ಲಿ ಟಿಕೆಟ್ ಇಲ್ಲದವರನ್ನು ಸಿಐಎಸ್‌ಎಫ್‌ನವರು ಟರ್ಮಿನಲ್ ಬಾಗಿಲಿನಿಂದ ಒಳಕ್ಕೇ ಬಿಡುವುದಿಲ್ಲ.

ಹಾಗಾದರೆ ಇವತ್ತು ಸ್ಟ್ಯಾಂಡ್‌ಬೈನಲ್ಲಿ ಹಾರುತ್ತಿರುವವರು ಯಾರು? ಬಹುಪಾಲು ಏರ್‌ಲೈನ್ ನೌಕರರು, ಅವರ ಗಂಡ ಹೆಂಡತಿ ಮಕ್ಕಳು, ಅಪ್ಪ ಅಮ್ಮ. ಸರಕು ಹಡಗಿನ ಕಥೆಯೂ ಹೆಚ್ಚುಕಮ್ಮಿ ಇದೇ. ನಮ್ಮಂಥ ಮನೆಗಳಿಗೆ ಎರಡೂ ಬಾಗಿಲು ತೆರೆಯುವುದು ಒಳಗೆ ಕೆಲಸ ಮಾಡುವ ನಮ್ಮವರೊಬ್ಬರಿದ್ದಾಗ. ತಮ್ಮನೋ ಅಕ್ಕನ ಮಗಳೋ ವಿಮಾನ ಕಂಪನಿಯಲ್ಲಿದ್ದರೆ ಮುಂದಿನ ಭಾಗ ನಿಮಗಾಗಿ. ಅಂಥವರಿಲ್ಲದಿದ್ದರೂ ಓದಿ, ನಿಮಗೆ ಸಲ್ಲುವ ದಾರಿ ಆಮೇಲೆ ಬರುತ್ತದೆ.

ಹೆಜ್ಜೆ 1: ನಿಮ್ಮ ಹೆಸರು ಪಟ್ಟಿಯಲ್ಲಿ ಇದೆಯೇ, ಕೇಳಿ

ಯಾರಿಗೆ ಸೌಲಭ್ಯ ಸಿಗುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಗಂಡ ಹೆಂಡತಿ ಮಕ್ಕಳು ಎಲ್ಲೆಡೆ ಇರುತ್ತಾರೆ, ಅಪ್ಪ ಅಮ್ಮ ಹೆಚ್ಚಿನ ಕಡೆ. ಒಡಹುಟ್ಟಿದವರನ್ನೋ ಸ್ನೇಹಿತರನ್ನೋ ಸೇರಿಸಲು ಕೆಲವು ಕಂಪನಿಗಳಲ್ಲಿ ಅವಕಾಶವಿದೆ, ಸ್ನೇಹಿತರಿಗೆಂದು ವರ್ಷಕ್ಕೆ ಇಂತಿಷ್ಟು ಎಂದು ಕೊಡುವ 'ಬಡ್ಡಿ (buddy) ಪಾಸ್' ಇನ್ನು ಕೆಲವು ಕಡೆ. ನೌಕರ ಮೊದಲೇ ಹೆಸರು ನೋಂದಾಯಿಸಬೇಕು. ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಅಲ್ಲಿಯೂ ಇರಬೇಕು. ನಮ್ಮಲ್ಲಿ ಇನಿಷಿಯಲ್ಲು, ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಕಲಸಿಹೋಗುವುದರಿಂದ ಇದನ್ನು ಎರಡು ಸಲ ನೋಡಿ.

ಟಿಕೆಟ್ಟಿನಲ್ಲಿ ಎರಡು ಬಗೆ. ನೌಕರನ ಸ್ವಂತ ಕಂಪನಿಯ ವಿಮಾನವಾದರೆ ಐಡಿ 90 ಎಂಬಂಥ ದರ: ಮೂಲ ದರದಲ್ಲಿ ನೂರಕ್ಕೆ ತೊಂಬತ್ತು ಕಡಿತ. ಬೇರೆ ಕಂಪನಿಯ ವಿಮಾನವಾದರೆ, ಆ ಎರಡು ಕಂಪನಿಗಳ ನಡುವೆ ಒಪ್ಪಂದವಿದ್ದಲ್ಲಿ 'ಝೆಡ್' ದರ. ಇದು ದೂರಕ್ಕೆ ತಕ್ಕಂತೆ ಗೊತ್ತುಮಾಡಿದ ದರ, ಸೀಸನ್ ಬಂದರೂ ಏರುವುದಿಲ್ಲ. ಡಿಸೆಂಬರಿನಲ್ಲಿ ಎಲ್ಲರೂ ಒಂದು ಲಕ್ಷ ಕೊಡುತ್ತಿರುವಾಗಲೂ ನಿಮ್ಮದು ಅಷ್ಟೇ. ಸೀಟು ಸಿಗುತ್ತದೆಯೇ ಎಂಬುದು ಬೇರೆ ಮಾತು.

ಇಲ್ಲೊಂದು ಕಟ್ಟುನಿಟ್ಟಿನ ಎಚ್ಚರಿಕೆ. ಇಂಥ ಪಾಸನ್ನು ದುಡ್ಡಿಗೆ ಮಾರುವವರು ಇದ್ದಾರೆ. ಕೊಳ್ಳಬೇಡಿ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಪ್ರಯಾಣ ಮಾತ್ರವಲ್ಲ, ಪಾಸ್ ಕೊಟ್ಟವನ ಸೌಲಭ್ಯ ಮತ್ತು ಬಹುಶಃ ಕೆಲಸ ಕೂಡ.

ಹೆಜ್ಜೆ 2: ಲೋಡ್ ಓದುವುದನ್ನು ಕಲಿಯಿರಿ

ಈ ವಿದ್ಯೆ ಬಂದರೆ ಅರ್ಧ ಗೆದ್ದಂತೆ. ಒಂದು ವಿಮಾನದಲ್ಲಿ ಎಷ್ಟು ಸೀಟು ಮಾರಾಟವಾಗದೆ ಉಳಿದಿದೆ, ಎಷ್ಟು ಜನ ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿದ್ದಾರೆ ಎಂಬ ಲೆಕ್ಕಕ್ಕೆ ಅವರ ಭಾಷೆಯಲ್ಲಿ 'ಲೋಡ್' ಎನ್ನುತ್ತಾರೆ. ಬೇರೆ ಕಂಪನಿಗಳ ಟಿಕೆಟ್ ತೆಗೆಯಲು ನೌಕರರು ಬಳಸುವ ಮೈಐಡಿಟ್ರಾವೆಲ್ ಎಂಬ ತಾಣದಲ್ಲಿ ಪ್ರತಿ ವಿಮಾನದ ಮುಂದೆ ಒಂದು ಮುಖ ಕಾಣುತ್ತದೆ: ನಗುಮುಖ, ಸಪ್ಪೆ ಮುಖ, ಅಳುಮುಖ. ಅದನ್ನೇ ನಂಬಿ ಹೊರಡಬೇಡಿ. ಸ್ಟಾಫ್‌ಟ್ರಾವೆಲರ್ ಎಂಬ ಆ್ಯಪ್‌ನಲ್ಲಿ ಆಯಾ ಕಂಪನಿಯ ನೌಕರರೇ ಸೀಟಿನ ಲೆಕ್ಕ ನೋಡಿ ಒಬ್ಬರಿಗೊಬ್ಬರು ಹೇಳುತ್ತಾರೆ. ವಿಮಾನ ಕಂಪನಿಯಲ್ಲಿರುವ ನನ್ನ ತಮ್ಮ ಇವೆರಡನ್ನೂ ನೋಡಿ, ಆಮೇಲೆ ಆ ಕಂಪನಿಯಲ್ಲಿರುವ ಸ್ನೇಹಿತನಿಗೂ ಒಂದು ಫೋನ್ ಮಾಡುತ್ತಾನೆ.

ಉದಾಹರಣೆಗೆ, 18 ಸೀಟು ಖಾಲಿ, ಪಟ್ಟಿಯಲ್ಲಿ 11 ಜನ ಎಂದಿದ್ದರೆ ನೀವು ಹನ್ನೆರಡನೆಯವರು. ನೆಮ್ಮದಿಯಿಂದ ಹೊರಡಬಹುದು. 4 ಸೀಟು, ಪಟ್ಟಿಯಲ್ಲಿ 9 ಎಂದಿದ್ದರೆ ಮನೆಯಲ್ಲೇ ಊಟ ಮಾಡಿ ಮಲಗಿ. ಕೆಲವು ಸಲ ಮೈನಸ್ 5 ಎಂದೂ ಕಾಣಿಸುತ್ತದೆ, ಅಂದರೆ ಇರುವ ಸೀಟಿಗಿಂತ ಹೆಚ್ಚು ಮಾರಿದ್ದಾರೆ. ವಿಚಿತ್ರವೆಂದರೆ ಅಂಥ ವಿಮಾನಕ್ಕೂ ಕೆಲವೊಮ್ಮೆ ಸ್ಟ್ಯಾಂಡ್‌ಬೈಯವರು ಹತ್ತುತ್ತಾರೆ. ಕನೆಕ್ಷನ್ ತಪ್ಪಿದವರು, ವೀಸಾ ಬಾರದವರು, ಬರದೇ ಇದ್ದವರು ಪ್ರತಿ ದಿನ ಇದ್ದೇ ಇರುತ್ತಾರೆ.

ಸಾಲಿನಲ್ಲಿ ನಿಮ್ಮ ಜಾಗ ಯಾವುದು ಎಂಬುದೂ ಮುಖ್ಯ. ಆ ಕಂಪನಿಯ ಸ್ವಂತ ನೌಕರರು ಮೊದಲು, ಅವರ ಕುಟುಂಬ ಆಮೇಲೆ, ಬೇರೆ ಕಂಪನಿಯವರು ಅವರ ನಂತರ. ಅಂದರೆ ಝೆಡ್ ಟಿಕೆಟ್ಟಿನವರು ಪಂಕ್ತಿಯ ತುದಿಯಲ್ಲಿ ಎಲೆ ಹಾಕಿಕೊಂಡು ಕೂತವರು. ಬಡಿಸುವಷ್ಟರಲ್ಲಿ ಪಾಯಸ ಮುಗಿಯಬಹುದು.

ಇನ್ನೊಂದು ಗುಟ್ಟು: ಸೀಟು ಖಾಲಿ ಇದ್ದರೂ ಹತ್ತಿಸಿಕೊಳ್ಳದಿರಬಹುದು. ವಿಮಾನಕ್ಕೆ ತೂಕದ ಮಿತಿಯಿದೆ. ದೂರದ ಹಾರಾಟಕ್ಕೆ ಇಂಧನ ಹೆಚ್ಚು ಬೇಕು, ಎದುರುಗಾಳಿ ಜೋರಾಗಿದ್ದರೆ ಇನ್ನೂ ಹೆಚ್ಚು. ಬೆಂಗಳೂರು ನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಬಿಸಿಲಿಗೆ ಇನ್ನೂ ತೆಳು, ಹೀಗಾಗಿ ಮೇಲೇಳುವಾಗ ಹೊರಬಲ್ಲ ಭಾರವೂ ಕಡಿಮೆ. ಅಮೆರಿಕದಂಥ ದೂರಕ್ಕೆ ನೇರ ಹಾರುವ ವಿಮಾನದಲ್ಲಿ ಹತ್ತಿಪ್ಪತ್ತು ಸೀಟು ಬೇಕೆಂದೇ ಖಾಲಿ ಬಿಟ್ಟು ಹಾರುವುದುಂಟು. ಆದ್ದರಿಂದ ನನ್ನ ಸಲಹೆ: ಸ್ಟ್ಯಾಂಡ್‌ಬೈಗೆ ನಾಲ್ಕೈದು ಗಂಟೆಯ ಹಾರಾಟಗಳೇ ವಾಸಿ. ಅದರಲ್ಲೂ ದಿನಕ್ಕೆ ಮೂರು ನಾಲ್ಕು ವಿಮಾನ ಇರುವ ಊರು ಆರಿಸಿ. ದುಬೈಗೆ ಬೆಳಗಿನ ವಿಮಾನ ತಪ್ಪಿದರೆ ಸಂಜೆಯದು ಇರುತ್ತದೆ. ವಾರಕ್ಕೆ ಮೂರೇ ದಿನ ವಿಮಾನವಿರುವ ಊರಿಗೆ ಹೋದರೆ ಬುಧವಾರ ತಪ್ಪಿದವರು ಶುಕ್ರವಾರದವರೆಗೆ ಕಾಯಬೇಕು.

ಹೆಜ್ಜೆ 3: ತಿಂಗಳು, ವಾರ, ದಿಕ್ಕು

ಮಂಗಳವಾರ, ಬುಧವಾರ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಸರಿ. ದಿಕ್ಕಿನ ವಿಷಯ ಮಾತ್ರ ಯಾರೂ ಹೇಳುವುದಿಲ್ಲ. ಡಿಸೆಂಬರ್ ಮಧ್ಯದಲ್ಲಿ ಪರದೇಶದಿಂದ ಬೆಂಗಳೂರಿಗೆ ಬರುವ ವಿಮಾನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೇ ವಿಮಾನ ಮರಳಿ ಹೋಗುವಾಗ ಅಷ್ಟು ತುಂಬಿರುವುದಿಲ್ಲ. ಜನವರಿ ಮೊದಲೆರಡು ವಾರ ಇದು ತಿರುಗುಮುರುಗು. ಆಗಸ್ಟ್, ಸೆಪ್ಟೆಂಬರಿನಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಗೆ ಓದಲು ಹೋಗುವ ಮಕ್ಕಳು ಎರಡೆರಡು ಸೂಟ್‌ಕೇಸ್ ಹೊತ್ತು ಹೊರಡುವುದರಿಂದ ಪಶ್ಚಿಮಕ್ಕೆ ಹೋಗುವ ಆಸೆ ಬಿಡಿ. ಮಂಗಳೂರಿನಿಂದ ಕೊಲ್ಲಿಗೆ ಹೋಗುವವರು ಈದ್ ಹಬ್ಬದ ಹಿಂದುಮುಂದನ್ನೂ, ಅಲ್ಲಿನ ಶಾಲೆಗಳಿಗೆ ರಜೆಯಿರುವ ಜುಲೈ, ಆಗಸ್ಟನ್ನೂ ಲೆಕ್ಕ ಹಾಕಬೇಕು. ಕೆಲವು ಕಂಪನಿಗಳು ಇಂಥ ದಿನಗಳಲ್ಲಿ ನೌಕರರ ಟಿಕೆಟ್ಟಿಗೆ 'ಎಂಬಾರ್ಗೋ' ಹಾಕಿಬಿಡುತ್ತವೆ, ಸೀಟು ಇದ್ದರೂ ಇಲ್ಲ.

ಹೋಗುವಾಗ ಸೀಟು ಸಿಗದಿದ್ದರೆ ಮನೆಗೆ ಬರಬಹುದು, ಬರುವಾಗ ಸಿಗದಿದ್ದರೆ ಹೋಟೆಲಿಗೆ ದುಡ್ಡು ಕೊಡಬೇಕು. ಆದ್ದರಿಂದ ವಾಪಸು ಬರುವ ದಿನದ ಲೋಡ್ ನೋಡಿಯೇ ಹೋಗುವ ದಿನ ಗೊತ್ತುಮಾಡಿ. ರಜೆ ಹತ್ತು ದಿನವಿದ್ದರೆ ಪ್ರವಾಸ ಏಳು ದಿನದ್ದು, ಉಳಿದ ಮೂರು ದಿನ ಕಾಯಲು. ಮದುವೆ, ಪರೀಕ್ಷೆ, ಇಂಟರ್‌ವ್ಯೂ, ಸಾವಿನ ಮನೆ, ಇವಕ್ಕೆಲ್ಲ ಸ್ಟ್ಯಾಂಡ್‌ಬೈ ಬೇಡವೇ ಬೇಡ.

ಹೆಜ್ಜೆ 4: ವೀಸಾ. ಇಲ್ಲೇ ಹೆಚ್ಚು ಜನ ಎಡವುವುದು

ನಮ್ಮ ಪಾಸ್‌ಪೋರ್ಟಿಗೆ ಇದು ದೊಡ್ಡ ತಲೆನೋವು. ನಡುದಾರಿಯ ಊರಿನಲ್ಲಿ ಎರಡನೇ ವಿಮಾನ ಸಿಗದಿದ್ದರೆ ಹೊರಗೆ ಹೋಗಿ ಮಲಗಲು ವೀಸಾ ಬೇಕು. ಕೆಲವು ಕಡೆ ಹೊರಗೆ ಹೋಗದಿದ್ದರೂ ಬೇಕು: ಲಂಡನ್ನಿನಲ್ಲಿ ವಿಮಾನ ಬದಲಿಸುವ ಭಾರತೀಯರಿಗೆ, ಅಮೆರಿಕದ ವೀಸಾದಂಥ ವಿನಾಯಿತಿ ಇಲ್ಲದಿದ್ದರೆ, ಟ್ರಾನ್ಸಿಟ್ ವೀಸಾ ಬೇಕೇ ಬೇಕು. ಇನ್ನು ಕೆಲವು ದೇಶಗಳು 'ಮುಂದಿನ ಟಿಕೆಟ್ ಖಾತ್ರಿಯಾಗಿದ್ದರೆ' ಎಂಬ ಷರತ್ತಿನ ಮೇಲೆ ಒಳಗೆ ಬಿಡುತ್ತವೆ. ಸ್ಟ್ಯಾಂಡ್‌ಬೈ ಟಿಕೆಟ್ ಖಾತ್ರಿಯಲ್ಲ, ಹಾಗಾಗಿ ಆ ವಿನಾಯಿತಿ ನಿಮಗೆ ಸಲ್ಲುವುದಿಲ್ಲ.

ನಾನು ಪಾಲಿಸುವ ನಿಯಮ ಸರಳ: ವಿಮಾನ ಬದಲಿಸುವ ಊರಿನಲ್ಲಿ ನಿಲ್ದಾಣದಿಂದ ಹೊರಗೆ ಬರುವ ಹಕ್ಕು ನನಗಿರಬೇಕು. ಇಲ್ಲದಿದ್ದರೆ ಆ ದಾರಿ ಬೇಡ. ಎರಡು ಹಾರಾಟ ಎಂದರೆ ಎರಡು ಜೂಜು, ನೇರ ವಿಮಾನವಿದ್ದರೆ ಅದೇ ಸರಿ.

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ಹೋಗಿಬರುವ ಟಿಕೆಟ್ಟಿನ ವಿವರ ಕೇಳುತ್ತಾರೆ. ಹಿಂದಿರುಗಿಸಿದರೆ ದುಡ್ಡು ವಾಪಸು ಬರುವಂಥ ಮಾಮೂಲಿ ಟಿಕೆಟ್ ಕಾಯ್ದಿರಿಸಿ ತೋರಿಸುವುದೇ ನೆಮ್ಮದಿ. ಊರು ಮುಟ್ಟಿದ ಮೇಲೆ ಇಮಿಗ್ರೇಷನ್ ಅಧಿಕಾರಿ "ರಿಟರ್ನ್ ಟಿಕೆಟ್?" ಎಂದಾಗಲೂ ಅದು ಕೈಯಲ್ಲಿರುತ್ತದೆ.

ಹೆಜ್ಜೆ 5: ಟಿಕೆಟ್ ಬೇರೆ, ಲಿಸ್ಟಿಂಗ್ ಬೇರೆ

ಟಿಕೆಟ್ ಕೊಂಡ ಮಾತ್ರಕ್ಕೆ ನಿಮ್ಮ ಹೆಸರು ಇಂಥ ದಿನದ ಇಂಥ ವಿಮಾನದ ಪಟ್ಟಿಗೆ ಸೇರಿದೆ ಎಂದಲ್ಲ. ಅದನ್ನು ಬೇರೆಯಾಗಿ 'ಲಿಸ್ಟ್' ಮಾಡಬೇಕು. ಝೆಡ್ ಟಿಕೆಟ್ ಸಾಮಾನ್ಯವಾಗಿ ಮೂರು ತಿಂಗಳು ನಡೆಯುತ್ತದೆ, ಬಳಸದಿದ್ದರೆ ಸ್ವಲ್ಪ ಹಣ ಹಿಡಿದುಕೊಂಡು ವಾಪಸು ಕೊಡುತ್ತಾರೆ. ಹಾಗಾಗಿ ಅನುಭವಸ್ಥರು ಒಂದೇ ಊರಿಗೆ ಎರಡು ಕಂಪನಿಗಳ ಟಿಕೆಟ್ ಇಟ್ಟುಕೊಂಡಿರುತ್ತಾರೆ. ಒಂದು ವಿಮಾನ ತಪ್ಪಿದರೆ ಮುಂದಿನದಕ್ಕೆ ಹೆಸರು ತಾನಾಗಿಯೇ ಹೋಗುತ್ತದೆ ಎಂದು ಸುಮ್ಮನಿರಬೇಡಿ. ಕೌಂಟರಿನಿಂದ ಕದಲುವ ಮೊದಲೇ ನಿಮ್ಮವನಿಗೆ ಫೋನ್ ಮಾಡಿ ಮರುದಿನದ ಪಟ್ಟಿಗೆ ಹಾಕಿಸಿ.

ನಾವು ಕಲಿತ ಪಾಠ ಇಲ್ಲೇ ಹೇಳಿಬಿಡುತ್ತೇನೆ. ಮೂವರನ್ನು ಒಂದೇ ಪಿಎನ್‌ಆರ್‌ಗೆ ಕಟ್ಟಬೇಡಿ. ಎರಡೇ ಸೀಟಿದ್ದರೆ ಇಡೀ ಗುಂಪನ್ನು ಬದಿಗಿಟ್ಟು ಹಿಂದಿನವರನ್ನು ಕರೆಯುವ ಸಾಧ್ಯತೆ ಉಂಟು. ಬೇರೆ ಬೇರೆ ಪಿಎನ್‌ಆರ್ ಇರಲಿ, ಜೊತೆಗೆ ಯಾರು ಮೊದಲು ಹೋಗಬೇಕು, ಹೋದವರು ಅಲ್ಲಿ ಎಲ್ಲಿ ಕಾಯಬೇಕು, ಮನೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಕೌಂಟರಿನ ಮುಂದೆ ಐದು ನಿಮಿಷದಲ್ಲಿ ಆಗುವ ಮಾತಲ್ಲ ಅದು.

ಹೆಜ್ಜೆ 6: ಆ ರಾತ್ರಿ

ಟರ್ಮಿನಲ್ ಬಾಗಿಲಲ್ಲಿ ತೋರಿಸಲು ಟಿಕೆಟ್ಟಿನ ಪ್ರಿಂಟ್‌ಔಟ್ ಇರಲಿ. ಅದರಲ್ಲಿ 'ಖಾತ್ರಿ' ಎಂದು ಇರದಿರುವುದನ್ನು ನೋಡಿ ಕಾವಲಿನವರು ತಡೆದರೆ, ನೌಕರರ ಟಿಕೆಟ್ ಎಂದು ವಿವರಿಸಿ. ಅವರಿಗೆ ಇದು ಹೊಸದಲ್ಲ.

ಮೂರು ಗಂಟೆ ಮೊದಲೇ ಕೌಂಟರಿಗೆ ಹೋಗಿ ಹೆಸರು ಹೇಳಿ, ಪಾಸ್‌ಪೋರ್ಟ್ ವೀಸಾ ತೋರಿಸಿ, ಬದಿಗೆ ಸರಿದು ನಿಲ್ಲಿ. ಅಂತರರಾಷ್ಟ್ರೀಯ ವಿಮಾನಗಳ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲು ಮುಚ್ಚುತ್ತದೆ. ನಿಮ್ಮ ಹೆಸರು ಕರೆಯುವುದು ಅದಾದ ಮೇಲೆ. ಆಮೇಲೆ ಓಟ: ಇಮಿಗ್ರೇಷನ್, ಸೆಕ್ಯುರಿಟಿ, ಗೇಟು, ಎಲ್ಲ ಮುಕ್ಕಾಲು ಗಂಟೆಯೊಳಗೆ. ಆದ್ದರಿಂದಲೇ ಚೆಕ್-ಇನ್ ಲಗೇಜು ಬೇಡ, ಕೈಚೀಲ ಸಾಕು. ಅಮ್ಮನ ಉಪ್ಪಿನಕಾಯಿ ಬಾಟಲಿ ಸೆಕ್ಯುರಿಟಿಯಲ್ಲಿ ನಿಂತುಹೋಯಿತು, ಚಕ್ಕುಲಿ ದಾಟಿತು.

ವೀಲ್‌ಚೇರ್ ಬೇಕಾದ ಹಿರಿಯರಿದ್ದರೆ ಹೆಸರು ಹೇಳುವಾಗಲೇ ತಿಳಿಸಿ. ಆದರೂ ಆ ಮುಕ್ಕಾಲು ಗಂಟೆಯಲ್ಲಿ ವೀಲ್‌ಚೇರ್ ತಳ್ಳುವವರು ಬಂದು ಕರೆದೊಯ್ಯುವಷ್ಟರಲ್ಲಿ ಎದೆ ಬಾಯಿಗೆ ಬರುತ್ತದೆ. ವಯಸ್ಸಾದವರನ್ನು ಒಬ್ಬರನ್ನೇ ಸ್ಟ್ಯಾಂಡ್‌ಬೈನಲ್ಲಿ ಕಳಿಸುವುದು ನನಗಂತೂ ಒಪ್ಪಿಗೆಯಿಲ್ಲ. ಮಗ ದುಡ್ಡು ಉಳಿಸಿದ, ಅಪ್ಪ ಪರದೇಶದ ನಿಲ್ದಾಣದ ಬೆಂಚಿನ ಮೇಲೆ ರಾತ್ರಿ ಕಳೆದರು ಎಂದಾಗಬಾರದು.

ಕೆಲವು ಸಲ ಸೀಟು ನಂಬರ್ ಇಲ್ಲದ ಚೀಟಿ ಕೊಟ್ಟು ಗೇಟಿಗೆ ಕಳಿಸುತ್ತಾರೆ. ಗೇಟಿನಲ್ಲೂ ಸೀಟು ಇಲ್ಲವೆಂದರೆ 'ಆಫ್‌ಲೋಡ್'. ಆಗ ನೀವೇ ಎದ್ದು ಹೊರಗೆ ಬರುವ ಹಾಗಿಲ್ಲ. ಪಾಸ್‌ಪೋರ್ಟಿಗೆ ಬಿದ್ದಿರುವ ನಿರ್ಗಮನದ ಮೊಹರನ್ನು ಇಮಿಗ್ರೇಷನ್‌ನವರು ರದ್ದು ಮಾಡಬೇಕು, ಅಲ್ಲಿಗೆ ಕಂಪನಿಯ ಸಿಬ್ಬಂದಿಯೇ ಕರೆದುಕೊಂಡು ಹೋಗಬೇಕು. ಮೊಹರು ರದ್ದಾಗಿದೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ದಾಖಲೆಯ ಪ್ರಕಾರ ನೀವು ಪರದೇಶದಲ್ಲಿದ್ದೀರಿ, ದೇಹ ಮಾತ್ರ ದೇವನಹಳ್ಳಿಯಲ್ಲಿ.

ನಡವಳಿಕೆಯ ಬಗ್ಗೆ ಎರಡು ಮಾತು. ಹಲವು ಕಂಪನಿಗಳು ನೌಕರರ ಮನೆಯವರಿಗೆ ಉಡುಪಿನ ನಿಯಮ ಇಟ್ಟಿವೆ: ಚಡ್ಡಿ, ಹವಾಯಿ ಚಪ್ಪಲಿ ಬೇಡ. ಅಪ್ಪ ಪಂಚೆಯಲ್ಲೇ ಹೊರಟಿದ್ದರು, ನನ್ನ ತಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿ ಹೌಹಾರಿ ಪ್ಯಾಂಟ್ ಹಾಕಿಸಿದ. ಕೌಂಟರಿನಲ್ಲಿ ಜೋರು ಮಾಡಬೇಡಿ, ಬಿಸಿನೆಸ್ ಕ್ಲಾಸ್ ಕೇಳಬೇಡಿ, ಪಕ್ಕದವರಿಗೆ ನಿಮ್ಮ ಟಿಕೆಟ್ಟಿನ ಬೆಲೆ ಹೇಳಬೇಡಿ. ನಿಮ್ಮ ವಿರುದ್ಧದ ದೂರು ಹೋಗುವುದು ನಿಮ್ಮವನ ಬಾಸ್‌ಗೆ.

ದುಡ್ಡಿನ ಲೆಕ್ಕ

ಕಡಿತ ಸಿಗುವುದು ಮೂಲ ದರಕ್ಕೆ, ತೆರಿಗೆ ಪೂರ್ತಿ ಕಟ್ಟಬೇಕು. ಲಂಡನ್ನಿನಿಂದ ಬೆಂಗಳೂರಿಗೆ ಹೊರಡುವವರು ಬ್ರಿಟನ್ ಸರ್ಕಾರಕ್ಕೆ ಕಟ್ಟುವ ವಿಮಾನ ಸುಂಕವೇ ಎಕಾನಮಿಗೆ ಸುಮಾರು 100 ಪೌಂಡ್, ಬಿಸಿನೆಸ್ ಕ್ಲಾಸಿಗೆ ಅದರ ಎರಡು ಪಟ್ಟಿಗೂ ಹೆಚ್ಚು. ಈಗ ಕಾಗದದ ಮೇಲೆ ಒಂದು ಲೆಕ್ಕ ಹಾಕೋಣ. ಹೋಗಿಬರಲು ಸ್ಟ್ಯಾಂಡ್‌ಬೈ ದರ 18 ಸಾವಿರ, ತೆರಿಗೆ 16 ಸಾವಿರ, ಒಟ್ಟು 34 ಸಾವಿರ ಎಂದುಕೊಳ್ಳಿ. ವಾಪಸಾಗುವಾಗ ಎರಡು ರಾತ್ರಿ ಸಿಕ್ಕಿಕೊಂಡರೆ ಹೋಟೆಲು, ಊಟ, ಓಡಾಟ ಸೇರಿ 20 ಸಾವಿರ. ಒಟ್ಟು 54 ಸಾವಿರ. ಮೂರು ತಿಂಗಳು ಮೊದಲೇ ಕೊಂಡ ಮಾಮೂಲಿ ಟಿಕೆಟ್ 58 ಸಾವಿರಕ್ಕೆ ಸಿಗುತ್ತಿದ್ದರೆ ಈ ಪಾಡೆಲ್ಲ ನಾಲ್ಕು ಸಾವಿರಕ್ಕೆ. ಆದ್ದರಿಂದ ಯಾವಾಗಲೂ ಮೊದಲು ಮಾಮೂಲಿ ಟಿಕೆಟ್ಟಿನ ಬೆಲೆ ನೋಡಿ. ತುರ್ತಾಗಿ ಹೊರಡುವಾಗ, ಅಂದರೆ ಮಾಮೂಲಿ ಟಿಕೆಟ್ ಲಕ್ಷ ದಾಟಿರುವಾಗ, ಸ್ಟ್ಯಾಂಡ್‌ಬೈ ನಿಜವಾಗಿ ಗಿಟ್ಟುತ್ತದೆ.

ಕೈಯಲ್ಲಿ, ಅಂದರೆ ಕ್ರೆಡಿಟ್ ಕಾರ್ಡಿನಲ್ಲಿ, ಒಂದು ದಿಕ್ಕಿನ ಪೂರ್ತಿ ಬೆಲೆಯ ಟಿಕೆಟ್ ಕೊಳ್ಳುವಷ್ಟು ಮಿತಿ ಇಲ್ಲದೆ ಹೊರಡಬೇಡಿ. ಸ್ಟ್ಯಾಂಡ್‌ಬೈಯಲ್ಲಿ ಸೀಟು ಸಿಗದೆ ಸಿಕ್ಕಿಕೊಂಡದ್ದಕ್ಕೆ ಪ್ರಯಾಣ ವಿಮೆಯವರು ಸಾಮಾನ್ಯವಾಗಿ ಏನೂ ಕೊಡುವುದಿಲ್ಲ.

ಏರ್‌ಲೈನಿನಲ್ಲಿ ಯಾರೂ ಇಲ್ಲದವರಿಗೆ

ಸ್ಟ್ಯಾಂಡ್‌ಬೈ ಆಟವನ್ನೇ ತಿರುಗಿಸಿ ಆಡಬಹುದು. ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದಾಗ ಕಂಪನಿ ಮೊದಲು "ಯಾರಾದರೂ ನಾಳೆ ಹೋಗುತ್ತೀರಾ?" ಎಂದು ಕೇಳಬೇಕು. ಕೈಯೆತ್ತಿದವರಿಗೆ ಪರಿಹಾರ, ಹೋಟೆಲು, ಮುಂದಿನ ವಿಮಾನದಲ್ಲಿ ಖಾತ್ರಿ ಸೀಟು. ನಿಮ್ಮಲ್ಲಿ ಸಮಯವಿದ್ದರೆ ಮಾಮೂಲಿ ಟಿಕೆಟ್ ಕೊಂಡು, ಕೈಚೀಲ ಮಾತ್ರ ಹಿಡಿದು, ಹೆಚ್ಚು ತುಂಬಿದ ವಿಮಾನದ ಕೌಂಟರಿನಲ್ಲಿ ಬೇಗ ಹೋಗಿ "ಬೇಕಿದ್ದರೆ ನಾನು ಬಿಟ್ಟುಕೊಡುತ್ತೇನೆ" ಎಂದು ಹೇಳಿಡಿ. ಒಪ್ಪುವ ಮುನ್ನ ಎಷ್ಟು, ನಗದೋ ವೋಚರೋ, ಮುಂದಿನ ವಿಮಾನ ಯಾವುದು ಎಂದು ಬರೆಸಿಕೊಳ್ಳಿ.

ಚೌಕಾಸಿಗೆ ಅಳತೆಗೋಲು ಗೊತ್ತಿರಲಿ. ಮನಸ್ಸಿಲ್ಲದವರನ್ನು ಬಲವಂತವಾಗಿ ಬಿಟ್ಟುಹೋದರೆ, ಯುರೋಪಿನಿಂದ ಹೊರಡುವ 3,500 ಕಿಲೋಮೀಟರ್ ಮೀರಿದ ಹಾರಾಟಕ್ಕೆ 600 ಯೂರೋ ಪರಿಹಾರ ಎಂದು ಅಲ್ಲಿನ ಕಾನೂನು ಹೇಳುತ್ತದೆ. ಫ್ರಾಂಕ್‌ಫರ್ಟ್–ಬೆಂಗಳೂರು ಇದರೊಳಗೆ ಬರುತ್ತದೆ. ಅಮೆರಿಕದಲ್ಲಿ 2025ರ ಜನವರಿಯಿಂದ ಈ ಪರಿಹಾರದ ಮಿತಿ 2,150 ಡಾಲರ್. ನಮ್ಮ ದೇಶದ ವಿಮಾನಯಾನ ನಿರ್ದೇಶನಾಲಯವಾದ ಡಿಜಿಸಿಎ ನಿಯಮದಲ್ಲಿ ಒಂದು ಗಂಟೆಯೊಳಗೆ ಬದಲಿ ವಿಮಾನ ಕೊಟ್ಟರೆ ಏನೂ ಇಲ್ಲ, 24 ಗಂಟೆಯೊಳಗಾದರೆ 10,000 ರೂಪಾಯಿವರೆಗೆ, ಅದನ್ನೂ ಮೀರಿದರೆ 20,000ದವರೆಗೆ. ನೌಕರರ ಸ್ಟ್ಯಾಂಡ್‌ಬೈ ಟಿಕೆಟ್ಟಿನವರಿಗೆ ಇವು ಯಾವುವೂ ಅನ್ವಯಿಸುವುದಿಲ್ಲ.

ಸರಕು ಹಡಗು: ಅಗ್ಗವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ

ಹಡಗಿನಲ್ಲಿ ಹೋದರೆ ಅಗ್ಗ ಎಂಬ ನಂಬಿಕೆ ನಮ್ಮ ಅಜ್ಜಂದಿರ ಕಾಲದ್ದು. ಈಗಿನ ಕಂಟೇನರ್ ಹಡಗುಗಳಲ್ಲಿ ಹೆಚ್ಚೆಂದರೆ 12 ಪ್ರಯಾಣಿಕರು. ಹದಿಮೂರನೆಯವರು ಹತ್ತಿದರೆ ಅಂತರರಾಷ್ಟ್ರೀಯ ನಿಯಮದಂತೆ ಅದು 'ಪ್ರಯಾಣಿಕರ ಹಡಗು' ಆಗಿಬಿಡುತ್ತದೆ, ಅದರ ಕಟ್ಟುಪಾಡುಗಳೇ ಬೇರೆ. 2020ಕ್ಕೆ ಮೊದಲು ಊಟ ಸೇರಿ ದಿನಕ್ಕೆ ಸುಮಾರು 100 ಯೂರೋ ಆಗುತ್ತಿತ್ತು. ಹ್ಯಾಂಬರ್ಗಿನಿಂದ ಪೂರ್ವ ಏಷ್ಯಾಕ್ಕೆ ಐದು ವಾರ ಎಂದರೆ 3,500 ಯೂರೋ. ಅದೇ ದೂರಕ್ಕೆ ವಿಮಾನದ ಟಿಕೆಟ್ ಇದರ ಕಾಲುಭಾಗ.

ಕೋವಿಡ್ ಬಂದಾಗ ಬಹುಪಾಲು ಕಂಪನಿಗಳು ಪ್ರಯಾಣಿಕರಿಗೆ ಬಾಗಿಲು ಮುಚ್ಚಿದವು, ಹೆಚ್ಚಿನವು ಮತ್ತೆ ತೆರೆಯಲಿಲ್ಲ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗತೊಡಗಿದವು. ಹತ್ತು ದಿನಕ್ಕೂ ಮೀರಿ ಹೆಚ್ಚಿನ ದಾರಿ. ಪಣಂಬೂರಿನಲ್ಲೋ ನವಿ ಮುಂಬೈಯಲ್ಲೋ ಸರಕು ಹಡಗು ಹತ್ತಿ ಯುರೋಪಿಗೆ ಹೋಗುತ್ತೇನೆ ಎಂಬ ಯೋಜನೆಯನ್ನು ನೆಚ್ಚಿಕೊಳ್ಳಬೇಡಿ.

ಉಳಿದಿರುವ ದಾರಿಗಳು ಮೂರು.

ಒಂದು, ಲಾರಿ ಹೊರುವ ಹಡಗುಗಳು. ಯುರೋಪಿನಲ್ಲಿ ಟ್ರಕ್ಕುಗಳನ್ನು ಸಾಗಿಸುವ ದೊಡ್ಡ ಹಡಗುಗಳು ಪ್ರಯಾಣಿಕರಿಗೂ ಕ್ಯಾಬಿನ್ ಕೊಡುತ್ತವೆ. ಜರ್ಮನಿಯ ಟ್ರಾವೆಮ್ಯುಂಡೆಯಿಂದ ಹೆಲ್ಸಿಂಕಿಗೆ ಫಿನ್‌ಲೈನ್ಸ್ ಹಡಗಿನಲ್ಲಿ ಸುಮಾರು 30 ಗಂಟೆ. ಡೆನ್ಮಾರ್ಕಿನ ಹಿರ್ಟ್‌ಶಾಲ್ಸ್‌ನಿಂದ ಫೆರೋ ದ್ವೀಪಗಳ ಮೇಲೆ ಐಸ್‌ಲೆಂಡಿಗೂ ಹಡಗು ಇದೆ. ಯುರೋಪಿನಲ್ಲಿ ಓದುತ್ತಿರುವ, ಕೆಲಸದಲ್ಲಿರುವ ಕನ್ನಡಿಗರಿಗೆ ಸರಕು ಹಡಗಿನ ರುಚಿ ನೋಡಲು ಇದೇ ಸುಲಭ. ಆಫ್‌ಸೀಸನ್ನಿನಲ್ಲಿ ನೋಡಿ, ಕ್ಯಾಬಿನ್ ಹಂಚಿಕೊಳ್ಳಿ. ತಾಹಿತಿಯಿಂದ ಮಾರ್ಕೇಸಸ್ ದ್ವೀಪಗಳಿಗೆ ಹೋಗುವ 'ಅರಾನುಯಿ 5' ಅರ್ಧ ಸರಕು, ಅರ್ಧ ಪ್ರವಾಸಿ ಹಡಗು. ಚೆಂದ ಇದೆ, ಅಗ್ಗವಂತೂ ಅಲ್ಲ.

ಎರಡು, ಅಧಿಕಾರಿಯ ಮನೆಯವರಾಗಿ. ನಮ್ಮ ಕರಾವಳಿಯ ಎಷ್ಟೋ ಹುಡುಗರು ಮರ್ಚೆಂಟ್ ನೇವಿಯಲ್ಲಿದ್ದಾರೆ. ಹಲವು ಕಂಪನಿಗಳು ಅಧಿಕಾರಿಗಳಿಗೆ ಹೆಂಡತಿಯನ್ನು ಅಥವಾ ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಲು ಬಿಡುತ್ತವೆ. ದಾಖಲೆಯಲ್ಲಿ ಅವರನ್ನು 'ಸೂಪರ್‌ನ್ಯೂಮರರಿ' ಎನ್ನುತ್ತಾರೆ. ಕಂಪನಿಯ ಒಪ್ಪಿಗೆ, ವೈದ್ಯಕೀಯ ಪರೀಕ್ಷೆ, ಹೊಣೆ ನಮ್ಮದೇ ಎಂದು ಬರೆದುಕೊಡುವ ಇಂಡೆಮ್ನಿಟಿ ಪತ್ರ, ಮುಟ್ಟುವ ದೇಶಗಳ ವೀಸಾ, ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಬಂದರಾದರೆ ಹಳದಿ ಜ್ವರದ ಲಸಿಕೆಯ ಪತ್ರ ಬೇಕು. ಲೈಫ್‌ಬೋಟಿನಲ್ಲಿ ಜಾಗ ಇರುವಷ್ಟೇ ಜನ. ಕಡಲ್ಗಳ್ಳರ ಭಯವಿರುವ ಕಡೆ ಮನೆಯವರಿಗೆ ಪ್ರವೇಶವಿಲ್ಲ.

ಕಾರವಾರದ ನನ್ನ ಸ್ನೇಹಿತ ಸೆಕೆಂಡ್ ಎಂಜಿನಿಯರ್, ಅವನ ಹೆಂಡತಿ ಒಮ್ಮೆ ನಾಲ್ಕು ತಿಂಗಳು ಜೊತೆಗಿದ್ದರು. "ಎಂಟು ಬಂದರು ಮುಟ್ಟಿದೆವು, ಇಳಿದದ್ದು ಮೂರರಲ್ಲಿ ಮಾತ್ರ" ಎನ್ನುತ್ತಾರೆ. ಕಂಟೇನರ್ ಹಡಗು ರಾತ್ರಿ ಬಂದು, ಕ್ರೇನುಗಳು ಬೆಳಗಾಗುವಷ್ಟರಲ್ಲಿ ಡಬ್ಬಗಳನ್ನು ಇಳಿಸಿ ಏರಿಸಿ, ಮಧ್ಯಾಹ್ನ ಹೊರಟೇ ಹೋಗುತ್ತದೆ. ಮೆಸ್ಸಿನಲ್ಲಿ ಊಟ ಗಡಿಯಾರಕ್ಕೆ ಸರಿಯಾಗಿ. ರಾತ್ರಿ ಊಟ ಸಂಜೆ ಆರಕ್ಕೇ ಮುಗಿದು, ಹತ್ತು ಗಂಟೆಗೆ ಹಸಿವಾದರೆ ಕ್ಯಾಬಿನ್ನಿನಲ್ಲಿ ಬಚ್ಚಿಟ್ಟ ಅವಲಕ್ಕಿಯೇ ಗತಿ. ದೊಡ್ಡ ಅಲೆ ಇದ್ದ ದಿನ ಮಗ್ಗುಲು ಹೊರಳದಂತೆ ದಿಂಬನ್ನು ಹಾಸಿಗೆಯ ಅಂಚಿಗೆ ಒತ್ತಿಟ್ಟು ಮಲಗುವುದನ್ನು ಚೀಫ್ ಕುಕ್ ಹೇಳಿಕೊಟ್ಟನಂತೆ.

ಮೂರು, ಕೆಲಸ ಮಾಡಿಕೊಂಡು ಹೋಗುವುದು. ಡೆಕ್ ತೊಳೆದುಕೊಂಡು ದೇಶ ಸುತ್ತುವ ಕಾಲ ಮುಗಿದಿದೆ. ಈಗ ಹಡಗಿನಲ್ಲಿ ಕಾಲಿಡುವ ಪ್ರತಿ ಕೆಲಸಗಾರನಿಗೂ ಎಸ್‌ಟಿಸಿಡಬ್ಲ್ಯೂ ಎಂಬ ಅಂತರರಾಷ್ಟ್ರೀಯ ನಿಯಮದ ಸುರಕ್ಷತಾ ತರಬೇತಿ, ನಾವಿಕರ ನೋಂದಣಿಯ ಇಂಡೋಸ್ ನಂಬರ್, ಹಡಗಿನ ಕೆಲಸದ ದಾಖಲೆಯಾದ ಸಿಡಿಸಿ ಪುಸ್ತಕ ಬೇಕು. "ಎರಡು ಲಕ್ಷ ಕೊಡಿ, ಹಡಗು ಹತ್ತಿಸುತ್ತೇನೆ" ಎನ್ನುವ ಏಜೆಂಟರು ಕರಾವಳಿಯಲ್ಲೂ ಇದ್ದಾರೆ. ಹಡಗಿಗೆ ಜನ ಸೇರಿಸುವವರಿಗೆ ಹಡಗು ನಿರ್ದೇಶನಾಲಯ ಕೊಡುವ ಆರ್‌ಪಿಎಸ್‌ಎಲ್ ಪರವಾನಗಿಯ ನಂಬರ್ ಕೇಳಿ, ಅದರ ತಾಣದಲ್ಲಿ ಪರೀಕ್ಷಿಸಿ. ನಂಬರ್ ಕೇಳಿದ ಕೂಡಲೇ ಮಾತು ಬದಲಿಸಿದರೆ ಎದ್ದು ಬನ್ನಿ.

ಹಡಗಿನಲ್ಲೇ ಪರದೇಶಕ್ಕೆ ಹೋಗಬೇಕೆಂದರೆ

ನಮಗೆ ಹತ್ತಿರದ್ದು ತಮಿಳುನಾಡಿನ ನಾಗಪಟ್ಟಿಣಂ. ಅಲ್ಲಿಂದ ಶ್ರೀಲಂಕಾದ ಕಾಂಕೇಸಂತುರೈಗೆ 2023ರ ಅಕ್ಟೋಬರಿನಲ್ಲಿ ಫೆರಿ ಶುರುವಾಯಿತು, ಕೆಲವೇ ದಿನಕ್ಕೆ ನಿಂತಿತು, 2024ರ ಆಗಸ್ಟಿನಲ್ಲಿ 'ಶಿವಗಂಗೈ' ಎಂಬ ಹಡಗಿನೊಂದಿಗೆ ಮತ್ತೆ ಹೊರಟಿತು. ಸುಮಾರು ನಾಲ್ಕು ಗಂಟೆಯ ದಾರಿ. ಹಿಂಗಾರು ಮಳೆಯ ತಿಂಗಳುಗಳಲ್ಲಿ ಸಮುದ್ರ ಕೆಟ್ಟರೆ ನಿಲ್ಲಿಸಿಬಿಡುತ್ತಾರೆ, ಆದ್ದರಿಂದ ನವೆಂಬರ್, ಡಿಸೆಂಬರ್ ಬಿಟ್ಟು ಯೋಜನೆ ಹಾಕಿ.

ಮೈಸೂರಿನಿಂದ ಬೆಂಗಳೂರು, ತಂಜಾವೂರು, ಕುಂಭಕೋಣದ ಮೇಲೆ ಮೈಲಾಡುತುರೈಗೆ ರಾತ್ರಿ ರೈಲಿದೆ. ಅಲ್ಲಿಂದ ನಾಗಪಟ್ಟಿಣಕ್ಕೆ ಬಸ್ಸು. ಫೆರಿ ಬೆಳಿಗ್ಗೆಯೇ ಹೊರಡುವುದರಿಂದ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಶ್ರೀಲಂಕಾದ ಪ್ರವೇಶಾನುಮತಿಯಾದ ಇಟಿಎಯನ್ನು ಆನ್‌ಲೈನಿನಲ್ಲಿ ಮೊದಲೇ ಮಾಡಿಸಿಕೊಂಡು ಪ್ರಿಂಟ್ ಇಟ್ಟುಕೊಳ್ಳಿ. ಉಚಿತ ಲಗೇಜಿನ ಮಿತಿ ತೀರಾ ಕಡಿಮೆ, ಬುಕ್ ಮಾಡುವಾಗಲೇ ನೋಡಿ. ವಾಂತಿಯ ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮೊದಲೇ ನುಂಗಿ, ಅಲೆ ಏಳಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ.

ಬಂದರಿನಲ್ಲಿ ಇಳಿದರೆ ಜಾಫ್ನಾ ಇಪ್ಪತ್ತು ಕಿಲೋಮೀಟರಿನೊಳಗೆ. ಕಾಂಕೇಸಂತುರೈ ಶ್ರೀಲಂಕಾ ರೈಲಿನ ಉತ್ತರದ ಕೊನೇ ನಿಲ್ದಾಣವೂ ಹೌದು, ಕೊಲಂಬೊ ಕಡೆಗೆ ಹೋಗುವವರು ಅಲ್ಲೇ ರೈಲು ಹಿಡಿಯಬಹುದು.